ಹೊಳೆಯಾಚೆಗೆ ಮುಟ್ಟುವ ಕೋವಿ

ಕೋವಿ ರಿಪೇರಿ ಮಾಡುವವನ ಮನೆಗೆ ಯಾರೂ ಸುಮ್ಮನೆ ಚಹಾ ಕುಡಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ಕಲಿಯಬೇಕೆಂದು ಈಗಲೂ ಒಬ್ಬಿಬ್ಬರು ನನಗೆ ಫೋನು ಮಾಡುತ್ತಾರೆ. ಲೈಸೆನ್ಸ್ ಹೇಗೆ, ಸಾಮಾನು ಎಲ್ಲಿ ಸಿಗುತ್ತದೆ, ಯಾವ ದುರ್ಬೀನು ಒಳ್ಳೆಯದು ಎಂದೆಲ್ಲ ಕೇಳುತ್ತಾರೆ. ದಿನವಿಡೀ ಯಾರ ಜೊತೆ ಮಾತಾಡುತ್ತಿದ್ದಿರಿ ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೆ, ಗೋಡೆಯ ಜೊತೆ ಎನ್ನುತ್ತಿದ್ದೆ.

ನಾನು ಕಾರವಾರ ಪೇಟೆಯ ಒಂದು ಬಂದೂಕಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಯುಷ್ಯ ಕಳೆದವನು. ಮುಂದಿನ ಕೋಣೆ ಸಾವಕಾರರದು. ಅಲ್ಲಿ ಗಾಜಿನ ಕಪಾಟು, ಫ್ಯಾನು, ಗಿರಾಕಿಗಳಿಗೆ ಬೆತ್ತದ ಕುರ್ಚಿ. ಹಿಂದಿನ ಕೋಣೆಯಲ್ಲಿ ಸಾಮಾನು ಬಿಗಿದು ಹಿಡಿಯುವ ಒಂದು ವೈಸು, ಅರಗಳ ಸಾಲು, ಎಣ್ಣೆಯ ವಾಸನೆ ಮತ್ತು ಒಂದು ಕಿಟಕಿ. ಆ ಕಿಟಕಿಯನ್ನು ಉತ್ತರಕ್ಕೇ ಇಡಿಸಿದವರು ನನ್ನ ಗುರು ವಿಠೋಬಾ. ನಳಿಗೆಯ ಒಳಗೆ ಕಣ್ಣಿಟ್ಟು ನೋಡುವಾಗ ಎದುರಿನಿಂದ ನೇರ ಬಿಸಿಲು ಬಿದ್ದರೆ ಒಳಗಿನ ಡೊಂಕು ಮುಚ್ಚಿಹೋಗುತ್ತದೆ, ತಣ್ಣನೆಯ ಬೆಳಕು ಬೇಕು ಎನ್ನುತ್ತಿದ್ದರು. ಅದರಿಂದಾಗಿ ನಾನು ಇಷ್ಟು ವರ್ಷ ಒಂದು ಗೋಡೆ ಮತ್ತು ಪಕ್ಕದ ಮನೆಯವರ ನೀರಿನ ಟಾಕಿಯನ್ನು ನೋಡುತ್ತ ಕೆಲಸ ಮಾಡಿದೆ. ಸಮುದ್ರ ನಮ್ಮ ಅಂಗಡಿಯ ಮುಂದಿನ ಬಾಗಿಲಿಗೆ ಕೂಗಳತೆಯಲ್ಲಿತ್ತು, ನನಗೆ ಅದರ ಸದ್ದು ಮಾತ್ರ ಸಿಕ್ಕಿತು.

ಕೋಡಿಬಾಗದಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಮನೆಯೊಡತಿ ಕೇಳಿದ ಮೊದಲ ಪ್ರಶ್ನೆ, "ಮನೆಗೆ ಕೋವಿ ಗೀವಿ ತತ್ತಿರೇನ?" ಎಂದು. ತರುವುದಿಲ್ಲ, ತರುವಂತೆಯೂ ಇಲ್ಲ ಎಂದೆ. ಆದರೂ ಅಕ್ಕಪಕ್ಕದವರ ಮಕ್ಕಳು ನನ್ನ ಅಂಗಳಕ್ಕೆ ಚೆಂಡು ಬಿದ್ದರೆ ಹಾಗೇ ಬಿಟ್ಟು ಹೋಗುತ್ತಿದ್ದರು. ಮದುವೆಯ ಮಾತು ಎರಡು ಸಲ ಮುಂದುವರಿದು ನಿಂತಿತು. ಹುಡುಗ ಚಲೋ ಇದ್ದಾನೆ, ಕೆಲಸ ಒಂದು ನೋಡಿ ಎಂದರು. ಮೂರನೆಯ ಸಲ ನಾನೇ ಹೋಗಲಿಲ್ಲ. ಅದರ ಬಗ್ಗೆ ಗೋಳಾಡುವುದಿಲ್ಲ, ಆದರೆ ಈ ಕೆಲಸಕ್ಕೆ ಬರುವವರಿಗೆ ಗೊತ್ತಿರಲಿ.

ವಿಠೋಬಾ ಮಾತು ಕಡಿಮೆಯ ಮನುಷ್ಯ. ಬೈಯುವಾಗ ಕೊಂಕಣಿ, ಕಲಿಸುವಾಗ ಕನ್ನಡ. ಯಾರೇ ಕೋವಿ ಕೊಳ್ಳಲು ಬರಲಿ, ಅವರು ಕೇಳುತ್ತಿದ್ದುದು ಒಂದೇ: "ಹೊಡೆಯೂ ಜಾಗದ ಹಿಂದೆ ಎಂತ ಅದೆ?" ಗುಡ್ಡವಿದೆಯೋ, ಮಣ್ಣಿನ ದರೆಯಿದೆಯೋ, ಮನೆಯಿದೆಯೋ, ರಸ್ತೆಯಿದೆಯೋ. ಇದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಒಳಗಿನಿಂದಲೇ ಸಾವಕಾರರಿಗೆ ಕೂಗಿ ಹೇಳುತ್ತಿದ್ದರು, ಇವರಿಗೆ ಬೇಡ ಎಂದು. ಎಷ್ಟು ಗಿರಾಕಿ ತಪ್ಪಿದರೋ. ಸಾವಕಾರರು ಹಣೆ ಚಚ್ಚಿಕೊಳ್ಳುತ್ತಿದ್ದರು, ಆದರೆ ಅವರಂಥ ಕೈ ಈ ಕರಾವಳಿಯಲ್ಲಿ ಇನ್ನೊಂದು ಇರಲಿಲ್ಲವಾದ್ದರಿಂದ ನುಂಗಿಕೊಳ್ಳುತ್ತಿದ್ದರು.

ಆ ಪ್ರಶ್ನೆ ನನಗೂ ಅಂಟಿಕೊಂಡಿತು. ಈಚಿನ ವರ್ಷಗಳಲ್ಲಿ ಎಲ್ಲರಿಗೂ ದೂರ ಹೊಡೆಯುವ ರೈಫಲ್ಲಿನ ಹುಚ್ಚು. ಕದ್ರಾ ಕಡೆಯ ಒಬ್ಬ ಕಂತ್ರಾಟದಾರರು ಮೊಬೈಲಿನಲ್ಲಿ ಯಾವುದೋ ಪರದೇಶದ ವಿಡಿಯೋ ತೋರಿಸಿ, "ಒಂದು ಮೈಲಿ ದೂರಕ್ಕೆ ಹೊಡೀತದಂತೆ ಮೇಸ್ತ್ರೇ, ನಂಗೂ ಇಂಥದ್ದೇ ಬೇಕು" ಎಂದರು. ಎಲ್ಲಿ ನಿಂತು ಹೊಡೆಯುತ್ತೀರಿ ಎಂದೆ. ಮನೆಯ ಜಗಲಿಯಿಂದ ಎಂದರು. ಜಗಲಿಯಿಂದ ಎದುರಿಗೆ ಎಷ್ಟು ದೂರ ಕಾಣುತ್ತದೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ದನದ ಕೊಟ್ಟಿಗೆ ಅಡ್ಡ ಬತ್ತದೆ" ಎಂದರು. ಕೊಟ್ಟಿಗೆ ಕಿತ್ತು ಬನ್ನಿ, ಆಮೇಲೆ ನೋಡೋಣ ಎಂದು ಕಳಿಸಿದೆ.

ದೂರಕ್ಕೆ ಮುಟ್ಟುವ ಕೋವಿ ನಿಜವಾಗಿ ಬೇಕಾಗಿದ್ದವರು ನನಗೆ ಸಿಕ್ಕಿದ್ದು ಒಬ್ಬರೇ, ಅಂಕೋಲಾ ಒಳಗಿನ ಬೊಮ್ಮು ಗೌಡರು. ನಾನು ಬರೆಯಹೊರಟದ್ದು ಅವರ ವಿಷಯವೇ.

ಗಂಗಾವಳಿ ಹೊಳೆಯ ಮೇಲ್ಬದಿಯಲ್ಲಿ ಅವರ ಕೇರಿ. ಮನೆಗಳೆಲ್ಲ ಈಚೆ ದಡದಲ್ಲಿ, ಗದ್ದೆಗಳೆಲ್ಲ ಆಚೆ ದಡದಲ್ಲಿ, ಗದ್ದೆಯ ಬೆನ್ನಿಗೆ ಕಾಡಿನ ಗುಡ್ಡ. ಭತ್ತ ಹಾಲುಗಟ್ಟುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿಯುತ್ತವೆ. ಆಗ ಹೊಳೆ ಇನ್ನೂ ತುಂಬಿ ಹರಿಯುತ್ತಿರುತ್ತದೆ, ಹೊತ್ತು ಇಳಿದ ಮೇಲೆ ದೋಣಿ ಬಿಡುವ ಹಾಗಿಲ್ಲ. ಬಿಟ್ಟರೂ ಹುಟ್ಟಿನ ಸದ್ದಿಗೆ ಹಂದಿ ಕಾಡು ಸೇರಿ, ದೋಣಿ ತಿರುಗಿದ ಕೂಡಲೇ ಮತ್ತೆ ಇಳಿಯುತ್ತದೆ. ಹೀಗಾಗಿ ಈಚೆ ದಡದ ಹಾಸುಗಲ್ಲಿನ ಮೇಲೆ ಕುಳಿತು ಆಚೆಗೆ ಹೊಡೆಯಬೇಕು. ಹೊಳೆಯ ಅಗಲ, ಅದರ ಮೇಲೆ ಎರಡು ಗದ್ದೆ, ಅಷ್ಟು ದೂರ. ಕೇರಿಯಲ್ಲಿ ಬೆಳೆ ಕಾಯುವ ಲೈಸೆನ್ಸ್ ಇದ್ದದ್ದು ಗೌಡರಿಗೊಬ್ಬರಿಗೇ. ಅಪ್ಪನಿಂದ ಬಂದ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯ ಚರೆ ಹೊಳೆಯ ನಡುವಿಗೆ ಬಿದ್ದು ಮೀನಿಗೆ ಹೆದರಿಕೆ ಹುಟ್ಟಿಸುತ್ತಿತ್ತು, ಅಷ್ಟೆ.

"ಆಚೆ ದಡ ಮುಟ್ಬೇಕು. ಬರೀ ಮುಟ್ಟಿದ್ರೆ ಸಾಲ, ನಾ ಹೇಳಿದಲ್ಲೇ ಮುಟ್ಬೇಕು" ಎಂದರು ಗೌಡರು, ಮೊದಲ ಸಲ ಬಂದಾಗ. ರೈಫಲ್ಲಿಗೆ ಅಪ್ಪಣೆಯಾದ ಕಾಗದ ಕೈಯಲ್ಲಿತ್ತು. ಬೆತ್ತದ ಕುರ್ಚಿ ಬಿಟ್ಟು ಸೀದಾ ಹಿಂದಿನ ಕೋಣೆಗೆ ಬಂದು ನನ್ನ ಸ್ಟೂಲಿನ ಮೇಲೆ ಕುಳಿತಿದ್ದರು.

ವಿಠೋಬಾ ಕೇಳಿದರು, "ಹಿಂದೆ ಎಂತ ಅದೆ?"

"ಕೆಂಪು ದರೆ. ಆನೆ ಎತ್ತರ ಅದೆ. ಗುಂಡು ಹೊಕ್ಕರೆ ಹೊರಗೆ ಬರೂದಿಲ್ಲ."

"ಜನ?"

"ಹೊತ್ತು ಇಳಿದ ಮೇಲೆ ಆಚೆ ಬದಿಗೆ ಯಾರೂ ಇರೂದಿಲ್ಲ. ಕೊಯ್ಲಿನ ಟೈಮಲ್ಲಿ ಮಾತ್ರ ಹೆಂಗಸರು ಲೇಟ್ ಮಾಡ್ತ್ರು. ಆಗ ನಾ ಹೊಡೆಯೂದೇ ಇಲ್ಲ."

ವಿಠೋಬಾ ತಲೆಯಾಡಿಸಿದರು. ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಅಂಗಡಿಯಲ್ಲಿ ಆಗ ಮೂರು ಹಳೆಯ ರೈಫಲ್ಲುಗಳಿದ್ದವು, ಮೂರೂ ಬೋಲ್ಟು ಎಳೆದು ಗುಂಡು ತುಂಬುವವು, ಒಂದೇ ಅಳತೆಯ ಗುಂಡಿನವು. ಒಂದರ ಮರ ಹೊಳೆಯುತ್ತಿತ್ತು, ಒಂದಕ್ಕೆ ಚರ್ಮದ ಪಟ್ಟಿ ಇತ್ತು, ಮೂರನೆಯದು ಎಲ್ಲಿಯೋ ಒಲೆಯ ಮೇಲೆ ಇಟ್ಟಿದ್ದರೇನೋ ಎಂಬಂತೆ ಕರ್ರಗಿತ್ತು. ನಾವಿಬ್ಬರೂ ಒಂದೊಂದನ್ನೇ ಕಿಟಕಿಗೆ ಹಿಡಿದು ನಳಿಗೆಯೊಳಗೆ ನೋಡಿದೆವು. ಹೊಳೆಯುವುದರೊಳಗೆ ತುಕ್ಕಿನ ಗುಳಿ. ಪಟ್ಟಿಯದರ ಬಾಯಿಯ ಅಂಚು ಸವೆದಿತ್ತು, ಯಾರೋ ಕೊಳಕು ಕಡ್ಡಿಯಿಂದ ಉಜ್ಜಿ ಉಜ್ಜಿ ಹಾಳು ಮಾಡಿದ್ದರು. ಕೋವಿ ಗುಂಡನ್ನು ಬಿಡುವ ಕೊನೆಯ ಜಾಗ ಆ ಬಾಯಿ, ಅಲ್ಲಿ ಅಂಚು ಸಮ ಇಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಕರಿಯ ಕೋವಿಯ ಒಳಗು ಮಾತ್ರ ಕನ್ನಡಿಯಂತಿತ್ತು. ಗೌಡರಿಗೂ ತೋರಿಸಿದೆ. ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಒಳಗೆ ಸುರುಳಿ ಸುರುಳಿ ಗೆರೆ ಅದೆ, ಒಂದೂ ಕಡಿದಿಲ್ಲ" ಎಂದರು. ಆಗ ಅವರ ಕಣ್ಣು ಹಾಗಿತ್ತು.

ನಂಬರು ಬಿದ್ದ ಕಬ್ಬಿಣವನ್ನು ನಾವು ಬದಲಿಸುವಂತಿಲ್ಲ, ಕಾನೂನು. ನಮ್ಮ ಕೈಯಲ್ಲಿರುವುದು ಮರ, ತಿರುಪು, ನಳಿಗೆಯ ತುದಿಯ ಗುರಿಮಣಿ, ಟ್ರಿಗರಿನ ನಯ. ಆದರೆ ಕೋವಿ ಮನುಷ್ಯನಿಗೆ ಕೂಡಿಕೊಳ್ಳುವುದು ಇಲ್ಲೇ. ದರ್ಜಿ ಅಳತೆ ತೆಗೆದಂತೆ ತೆಗೆಯಬೇಕು. ಮೊಣಕೈಯಿಂದ ಬೆರಳಿನ ತನಕ ಎಷ್ಟು, ಕುತ್ತಿಗೆ ಗಿಡ್ಡವೋ ಉದ್ದವೋ, ಕೆನ್ನೆಯ ಎಲುಬು ಎಷ್ಟು ಮೇಲೆ, ಯಾವ ಕಣ್ಣು ಯಜಮಾನ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೆ ಏರಿಸಿ ಆಮೇಲೆ ಕಣ್ಣು ತೆರೆದರೆ, ಗುರಿಮಣಿ ತಾನಾಗಿ ಎದುರಿಗೆ ನಿಂತಿರಬೇಕು. ಕುತ್ತಿಗೆ ಸೊಟ್ಟ ಮಾಡಿ ಹುಡುಕುವಂತಾದರೆ ಅದು ಇನ್ನೊಬ್ಬನ ಕೋವಿ. ಯಾವ ಕಂಪನಿ ಎಂದು ಕೇಳುವ ಹುಡುಗರು ಇದನ್ನು ತಲೆಗೆ ಹಾಕಿಕೊಳ್ಳಬೇಕು.

ಗೌಡರಿಗಾಗಿ ನಾವು ಹೊಸ ಮರ ಕೆತ್ತಿದೆವು. ಕಬ್ಬಿಣ ಮರದಲ್ಲಿ ಎಷ್ಟು ಬಿಗಿಯಾಗಿ ಕುಳಿತಿತೆಂದರೆ ನಡುವೆ ಕೂದಲೂ ಹೋಗುತ್ತಿರಲಿಲ್ಲ. ನಾವಿಬ್ಬರೂ ಆಚಾರಿಗಳ ಮನೆಯವರು, ಸಂದು ಕಾಣದ ಹಾಗೆ ಮರ ಕೂಡಿಸುವುದೇ ನಮ್ಮ ಹೆಮ್ಮೆ. ಬೇಸಗೆಯಲ್ಲಿ ಅಂಕೋಲಾದ ಹತ್ತಿರದ ಒಂದು ಚಿರೇಕಲ್ಲು ಕಡಿಯುವ ಕಣಿಯಲ್ಲಿ, ಅಪ್ಪಣೆ ಪಡೆದು, ಗುರಿ ಕೂಡಿಸಿದೆವು. ಗೌಡರ ಮೂರು ಗುಂಡುಗಳನ್ನೂ ಒಂದು ಸುಣ್ಣದ ಡಬ್ಬಿಯ ಮುಚ್ಚಳದಿಂದ ಮುಚ್ಚಬಹುದಿತ್ತು. ವಿಠೋಬಾ ನಕ್ಕರು. ಅವರು ನಗುವುದೆಂದರೆ ಮೂಗಿನಿಂದ ಗಾಳಿ ಬಿಡುವುದು.

ಚೌತಿ ಕಳೆದು ಕೆಲವು ದಿನಕ್ಕೆ ಗೌಡರು ಕೋವಿ ಹೊತ್ತು ಬಂದರು. "ನಿಮ್ ಕೋವಿ ಎಡಕ್ಕೆ ನೋಡೂಕೆ ಹತ್ತಿದೆ ಮಾರಾಯಾ! ಹಂದಿಗೆ ಹೊಡದ್ರೆ ಪಕ್ಕದ ಬಾಳೆಗಿಡ ಬೀಳ್ತದೆ."

ಗುರಿಮಣಿ ಸರಿಸಿ ಕಳಿಸಿದೆವು. ಚಳಿಗಾಲದಲ್ಲಿ ಮತ್ತೆ ಬಂದರು, ಈಗ ಬಲಕ್ಕೆ ಹೋಗುತ್ತಿದೆ ಎಂದು. ಮತ್ತೆ ಸರಿಸಿದೆವು. ಮರುವರ್ಷದ ಮಳೆಗೆ ಮತ್ತೆ ಎಡಕ್ಕೆ. ಗೌಡರು ಊರ ದೇವರು ಜಟಕನಿಗೆ ಕಾಯಿ ಒಡೆದು ಬಂದರು. ಸಾವಕಾರರು ಗುಂಡಿನ ಪೆಟ್ಟಿಗೆ ಬದಲಿಸಿ ನೋಡಿ ಎಂದರು. ವಿಠೋಬಾ ನನಗೆ ಬೈದರು, ನಾನು ತಿರುಪಿಗೆ ಬೈದೆ. ಹೀಗೆ ಎರಡು ವರ್ಷ ಕಳೆಯಿತು.

ಒಂದು ಮಳೆಗಾಲದ ಬೆಳಿಗ್ಗೆ ವಿಠೋಬಾ ಶಿರವಾಡದ ತಮ್ಮ ಮನೆಯಿಂದ ಕೆಲಸಕ್ಕೆ ತಡವಾಗಿ ಬಂದರು. ಬಚ್ಚಲಿನ ಬಾಗಿಲು ಉಬ್ಬಿ ಹಿಡಿದುಕೊಂಡು, ಒಳಗೆ ಸಿಕ್ಕಿಬಿದ್ದಿದ್ದರಂತೆ. ಸೊಸೆ ಹೊರಗಿನಿಂದ ಒದ್ದು ತೆಗೆಯಬೇಕಾಯಿತು. ಅದನ್ನು ಹೇಳುತ್ತ ಹೇಳುತ್ತ ಅವರ ಮಾತು ನಿಂತಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಹಿಡಿಯದ ಬಾಗಿಲಿಲ್ಲ, ಪ್ರತಿ ವರ್ಷ ಅದನ್ನು ಕೀಸುವುದು ನಮ್ಮ ಮನೆತನದ ಕಸುಬು. ಕೋವಿಯ ಮರವೂ ಮರವೇ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಬೇಸಗೆಯಲ್ಲಿ ಕೂದಲೂ ಹೋಗದಂತೆ ಕೂಡಿಸಿದ ಮರ ಮಳೆಗೆ ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತಿತ್ತು. ಅವತ್ತೇ ನಳಿಗೆಯ ಕೆಳಗೆ ಮರವನ್ನು ಕೊರೆದು, ಒಂದು ಪೋಸ್ಟ್ ಕಾರ್ಡು ಸಲೀಸಾಗಿ ಹೋಗಿಬರುವಷ್ಟು ಜಾಗ ಬಿಟ್ಟೆವು. ಸಂದು ಕಾಣುವಂತೆ ಮರ ಕೂಡಿಸಿದ್ದು ವಿಠೋಬಾರ ಜನ್ಮದಲ್ಲಿ ಅದೇ ಮೊದಲು. ಕೋವಿ ಮತ್ತೆ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ನಂತರ ಈ ಕೆಲಸ ಬಹಳ ಬದಲಾಯಿತು. ಮರದ ಒಳಗೆ ಅಂಟು ಎರೆದು ಕಬ್ಬಿಣವನ್ನು ಕೂರಿಸುವುದು ಬಂತು. ಕಣ್ಣಳತೆಯ ಬದಲಿಗೆ ಗೇಜು ಬಂತು. ಕೇಪಿನ ಕೋವಿಗಳು ಒಂದೊಂದಾಗಿ ಸರಕಾರಕ್ಕೆ ಮರಳಿದವು. ಚುನಾವಣೆ ಬಂದರೆ ಎಲ್ಲರ ಕೋವಿಗಳನ್ನೂ ಠಾಣೆಗೆ ಒಪ್ಪಿಸಬೇಕು, ಮರಳಿ ಬರುವಾಗ ಉಪ್ಪುಗಾಳಿಗೆ ತುಕ್ಕಿನ ಹೂ ಅರಳಿರುತ್ತಿತ್ತು. ಯಾರ ತಪ್ಪೂ ಅಲ್ಲ, ಸಮುದ್ರದ ಬದಿಯಲ್ಲಿ ಕಬ್ಬಿಣ ಹಾಗೆಯೇ. ಮೊದಮೊದಲು ಚುನಾವಣೆ ಮುಗಿದ ಮೇಲೆ ನನಗೆ ತಿಂಗಳುಗಟ್ಟಲೆ ಕೆಲಸ, ಬರುಬರುತ್ತ ವಾರಕ್ಕೂ ಸಾಲದಾಯಿತು. ವಿಠೋಬಾ ತೀರಿಕೊಂಡರು. ಹಿಂದಿನ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಬೆಳಿಗ್ಗೆ ಸಾವಕಾರರಿಗೆ ನಮಸ್ಕಾರ ಎಂದವನು ಸಂಜೆ ಬರುತ್ತೇನೆ ಎಂದು ಹೇಳುವವರೆಗೆ ಬಾಯಿ ತೆರೆಯದ ದಿನಗಳು ಎಷ್ಟೋ.

ಅಂಥ ದಿನಗಳಲ್ಲಿ ಗೌಡರು ಬರುತ್ತಿದ್ದರು. ವರ್ಷಕ್ಕೆ ನಾಲ್ಕೈದು ಸಲ ಕೋವಿಯನ್ನು ಚೀಲಕ್ಕೆ ಹಾಕಿ ಅಂಕೋಲಾ ಬಸ್ಸು ಹತ್ತಿ ಬರುವರು. ಇಶಾಡು ಮಾವಿನ ಕಾಲದಲ್ಲಿ ಇಶಾಡು, ಇಲ್ಲದಿದ್ದರೆ ಹರಿವೆ ಸೊಪ್ಪಿನ ಕಟ್ಟು. ತಿರುಪು ಸಡಿಲಾಗಿದೆ, ಬೋಲ್ಟು ಗರಗರ ಅನ್ನುತ್ತದೆ, ಹೀಗೆ ಏನಾದರೊಂದು ದೂರು. ಎಷ್ಟೋ ಸಲ ಕೋವಿಗೆ ಏನೂ ಆಗಿರುತ್ತಿರಲಿಲ್ಲ. ನಾನು ಬಿಚ್ಚಿ, ಒರಸಿ, ಎಣ್ಣೆ ಹಾಕಿ, ಮತ್ತೆ ಕೂಡಿಸುವೆನು. ಅವರು ಸ್ಟೂಲಿನ ಮೇಲೆ ಕುಳಿತು ಹಿಂದಿನ ಹಂಗಾಮಿನ ಒಂದೊಂದು ಈಡಿನ ಕಥೆ ಹೇಳುವರು. ಕೊಲ್ಲಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಾದ್ದರಿಂದ ಹೆಚ್ಚಿನ ಗುಂಡುಗಳು ಹಂದಿಯ ಮುಂದಿನ ಮಣ್ಣಿಗೇ ಹೋಗುತ್ತಿದ್ದವು. ಮಣ್ಣು ಮುಖಕ್ಕೆ ಹಾರಿದರೆ ಹಂದಿ ಹದಿನೈದು ದಿನ ಇಳಿಯುವುದಿಲ್ಲವಂತೆ. ಮೂತಿಯ ಮುಂದೆ ಒಂದು ಮೊಳಕ್ಕೆ ಹೊಡೆಯುವುದು, ಹಂದಿಗೇ ಹೊಡೆಯುವುದಕ್ಕಿಂತ ಕಷ್ಟ. ನಮ್ಮ ಮಾತೆಲ್ಲ ಕೋವಿಯದೇ. ಅವರ ಹೆಂಡತಿ ತೀರಿಕೊಂಡ ವಿಷಯ ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ, ಅದೂ ಆ ವರ್ಷ ಯಾಕೆ ಹೊಡೆಯಲಿಲ್ಲ ಎಂದು ನಾನು ಕೇಳಿದಾಗ. ಆದರೂ ಅವರು ಹೋದ ಮೇಲೆ ಆ ಸ್ಟೂಲನ್ನು ನಾನು ಎರಡು ದಿನ ಆಚೆ ಸರಿಸುತ್ತಿರಲಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಒಮ್ಮೆ ಬಂದವರು, "ಮೇಸ್ತಾ, ಮತ್ತೆ ಎಡಕ್ಕೆ ನೋಡ್ತದೆ" ಎಂದರು.

ಬಿಚ್ಚಿ ನೋಡಿದೆ. ಪೋಸ್ಟ್ ಕಾರ್ಡು ಸಲೀಸಾಗಿ ಹೋಯಿತು. ತಿರುಪು ಬಿಗಿ, ಬಾಯಿಯ ಅಂಚು ಸಮ. ಆದರೂ ಅವರ ಮಾತನ್ನು ನಂಬಿದೆ. ಆ ವರ್ಷ ಅವರಿಗಾಗಿ ಆ ಕೋವಿಯನ್ನು ಮೊದಲಿನಿಂದ ಕಟ್ಟಿದೆ. ಮರವನ್ನು ಒಳಗಿನಿಂದ ಕೆತ್ತಿ ಅಂಟು ಎರೆದು ಕೂರಿಸಿದೆ. ಟ್ರಿಗರಿನ ಮೈಯನ್ನು ಕಲ್ಲಿಗೆ ತಿಕ್ಕಿ ನಯಮಾಡಿದೆ. ಸಾವಕಾರರನ್ನು ಕಾಡಿ ಒಳ್ಳೆಯ ದುರ್ಬೀನು ತರಿಸಿ ಕೋವಿಯ ಮೇಲೆ ಕೂರಿಸಿ, ಅವರ ಕೆನ್ನೆಗೆ ಸರಿಯಾಗಿ ಮರವನ್ನು ಎತ್ತರಿಸಿದೆ. ನಾನು ಕೈಯಾರೆ ಮಾಡಿದ್ದರಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ವಿಠೋಬಾ ಇದ್ದಿದ್ದರೆ ಮೂಗಿನಿಂದ ಗಾಳಿ ಬಿಡುತ್ತಿದ್ದರು.

ಅದೇ ಹಳೆಯ ಕಣಿಗೆ ಹೋದೆವು. ರಜೆಯ ದಿನ, ಕಲ್ಲು ಕಡಿಯುವವರು ಇರಲಿಲ್ಲ. ಕಲ್ಲಿನ ಗೋಡೆಗೆ ಬಿಳಿ ಕಾಗದ ಅಂಟಿಸಿ ಬಂದು ಮೊದಲು ನಾನು ಹೊಡೆದೆ. ಮೂರೂ ಗುಂಡು ಒಂದಕ್ಕೊಂದು ತಾಗಿಕೊಂಡು ಬಿದ್ದವು. ಗೌಡರಿಗೆ ಕೊಟ್ಟೆ. ಅವರು ಕುಳಿತ ರೀತಿ, ಉಸಿರು ಬಿಟ್ಟು ಹಿಡಿದ ರೀತಿ, ಎಲ್ಲ ಮೊದಲಿನ ಹಾಗೇ. ಗುಂಡು ಹಾರಿತು. ಕಾಗದದಲ್ಲಿ ಏನೂ ಇಲ್ಲ. ಎರಡನೆಯದೂ ಇಲ್ಲ. ಕೆಂಪು ಧೂಳು ಎದ್ದದ್ದು ಕಾಗದಕ್ಕಿಂತ ಬಹಳ ಎಡಕ್ಕೆ. ಅಲ್ಲಿ ಒಂದು ಪೊದೆಯ ಮೇಲೆ ಯಾರೋ ಕೆಲಸದವನು ಒಣಹಾಕಿ ಮರೆತು ಹೋದ ಬಿಳಿ ಬನಿಯನ್ ಇತ್ತು.

"ಗೌಡ್ರೇ, ಯಾವುದಕ್ಕೆ ಹೊಡೀತಿದ್ರಿ?" ಎಂದೆ.

"ಅದೇ, ಬಿಳೀ ಕಾಣ್ತದಲ್ಲ."

ನಾನು ಕೈ ಚಾಚಿ ಬೋಲ್ಟನ್ನು ಹಿಂದಕ್ಕೆ ಎಳೆದು, ಒಳಗಿದ್ದ ಗುಂಡನ್ನು ತೆಗೆದೆ. ಬನಿಯನ್ನಿನಲ್ಲಿ ಆವತ್ತು ಮನುಷ್ಯ ಇರಲಿಲ್ಲ, ಅಷ್ಟೆ.

ಗೌಡರು ಕೋವಿಯ ಮರವನ್ನು ಸವರುತ್ತ, "ಮತ್ತೆ ಮರ ಉಬ್ಬಿರ್ಬೇಕು, ಅಲ್ದಾ?" ಎಂದರು.

ಹೌದು ಎಂದುಬಿಡಬಹುದಿತ್ತು. ಹೌದು ಎಂದರೆ ಅವರು ಕೋವಿಯನ್ನು ನನ್ನಲ್ಲೇ ಬಿಟ್ಟು ಹೋಗುವರು, ನಾನು ಒಂದು ಹಂಗಾಮು ದಾಟಿಸಿ, ಮತ್ತೆ ಇನ್ನೊಂದು ನೆಪ ಹೇಳಿ ಹೀಗೇ ತಳ್ಳಬಹುದು. ಅವರು ನಡುನಡುವೆ ಬಂದು ಸ್ಟೂಲಿನ ಮೇಲೆ ಕುಳಿತು ಆಯಿತೇ ಎಂದು ಕೇಳುವರು. ಸತ್ಯ ಹೇಳಿದರೆ ಅವರು ಕೋವಿ ಇಡುವಂತಿಲ್ಲ. ಕೋವಿ ಇಲ್ಲದ ಗೌಡರು ನನ್ನ ಅಂಗಡಿಗೆ ಯಾಕೆ ಬರುತ್ತಾರೆ? ಇದು ನನಗೆ ಆ ಕಣಿಯಲ್ಲೇ ಹೊಳೆಯಿತು, ಮತ್ತು ಹೊಳೆದದ್ದಕ್ಕೆ ಸಂಕಟವಾಯಿತು. ಆದರೆ ಹೊಳೆಯಾಚೆಯ ಗದ್ದೆ ನನ್ನ ಕಣ್ಣ ಮುಂದಿತ್ತು.

"ಮರ ಅಲ್ಲ ಗೌಡ್ರೇ. ಕೋವಿ ಸರಿ ಇದೆ. ಕಣ್ಣು" ಎಂದೆ.

"ಪೊರೆ ಇರ್ಬೇಕು. ತೆಗಿಸ್ತೆ."

"ತೆಗಿಸಿ. ಆಮೇಲೆ ಇಲ್ಲಿಗೇ ಬಂದು ಹೊಡೆದು ನೋಡುವಾ."

ಪೊರೆಯಾಗಿರಲಿಲ್ಲ. ಹಿಂದಿನ ನರ ಒಣಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದಕ್ಕೆ ಔಷಧ ಬಿಡಿ ಎಂದು ಡಾಕ್ಟರು ಹೇಳಿದರಂತೆ. ಇದನ್ನು ನನಗೆ ಹೇಳಿದ್ದು ಗೌಡರ ಸೊಸೆ ನಾಗವೇಣಿ. ಗೌಡರ ಮಗ ಮೀನಿನ ಬೋಟಿನಲ್ಲಿ ಕೆಲಸ ಮಾಡುವವನು, ಬೆಳೆ ಬರುವ ಹೊತ್ತಿಗೆ ಅವನು ಸಮುದ್ರದಲ್ಲಿ. ಗದ್ದೆ ನೋಡಿಕೊಳ್ಳುವವಳು ಅವಳೇ. ಮಾವನ ಜೊತೆ ಅಂಗಡಿಗೆ ಬಂದಿದ್ದಳು.

"ಮಾವ ಒಂದ್ ಹಂಗಾಮು ನೋಡ್ತೆ ಅಂತ್ರು. ಕೇರಿಯವ್ರಿಗೂ ಹೇಳೂಕೆ ಧೈರ್ಯ ಇಲ್ಲ. ಕೊಯ್ಲಿಗೆ ಹೊಡೆಯೂದಿಲ್ಲ ಅಂತ್ರು, ಆದ್ರೆ ಆಚೆ ಬದಿಗೆ ನಾವಿದ್ರೆ ಅವ್ರಿಗೆ ಕಾಣೂದಿಲ್ಲಲ್ಲ ಮೇಸ್ತ್ರೇ" ಎಂದಳು.

ಗೌಡರು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ನಾನು ಕೇಳಲೇಬೇಕಾದ್ದನ್ನು ಕೇಳಿದೆ, "ಹಿಂದೆ ಏನಿದೆ ಗೌಡ್ರೇ?"

ಅವರು ತಲೆ ಎತ್ತಲಿಲ್ಲ. "ನಮ್ಮವ್ರೇ" ಎಂದರು.

ಆಮೇಲೆ ಅವರೇ ದಾರಿ ಹೇಳಿದರು. ಸೊಸೆಯ ಹೆಸರಿಗೆ ಬರೆಯಿಸುವುದು. ಅವಳಿಗೆ ಧೈರ್ಯವಿದೆ, ಕಣ್ಣಿದೆ, ಚಿಕ್ಕಂದಿನಿಂದ ಕವಣೆಯಲ್ಲಿ ಮಂಗ ಓಡಿಸಿದ ಕೈ. ಕಚೇರಿಯ ಓಡಾಟ ಮುಗಿದು ಅವಳ ಹೆಸರಿಗೆ ಲೈಸೆನ್ಸ್ ಆಗುವವರೆಗೆ ಕೋವಿ ಅಂಗಡಿಯಲ್ಲೇ ಇತ್ತು. ಆದ ಮೇಲೆ ಅಳತೆಗೆಂದು ಇಬ್ಬರೂ ಬಂದರು. ನಾಗವೇಣಿ ಗಿಡ್ಡ. ಗೌಡರಿಗೆ ಕೆತ್ತಿದ ಮರ ಅವಳ ಭುಜಕ್ಕೆ ಏರುತ್ತಲೇ ಇರಲಿಲ್ಲ, ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂಬದಿಯಿಂದ ಎರಡು ಬೆರಳು ಕೊಯ್ಯಬೇಕು. ಒಮ್ಮೆ ಕೊಯ್ದರೆ ಮತ್ತೆ ಸೇರಿಸಿದರೂ ಅದು ತೇಪೆಯೇ. ಗುರುತು ಹಾಕಿ ಗರಗಸ ಹಿಡಿದು ನಿಂತೆ. ಕೈ ಮುಂದುವರಿಯಲಿಲ್ಲ.

ಗೌಡರು ಎದ್ದು ಬಂದರು. ತಡವರಿಸಿ ವೈಸಿನ ಹಿಡಿಯನ್ನು ಹುಡುಕಿ ಇನ್ನೂ ಅರ್ಧ ಸುತ್ತು ಬಿಗಿಮಾಡಿದರು. ಮರ ಅಲ್ಲಾಡದಂತೆ ತಮ್ಮ ಎರಡೂ ಕೈಯಿಂದ ಅದುಮಿ ಹಿಡಿದರು.

"ಕೊಯ್ಯಿ" ಎಂದರು.

ಕೊಯ್ದೆ. ಹುಡಿ ಅವರ ಕೈಯ ಮೇಲೆಲ್ಲ ಬಿತ್ತು. ಮುಗಿಯುವವರೆಗೂ ಅವರು ಕೈ ತೆಗೆಯಲಿಲ್ಲ. ನಾಗವೇಣಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಆ ವರ್ಷ ಅವಳು ಒಳ್ಳೆಯ ಬೆಳೆ ಉಳಿಸಿದಳು ಎಂದು ಕೇಳಿದೆ. ಕೋವಿಗೆ ಎಣ್ಣೆ ಹಾಕಿಸಲು ಅವಳು ಬರುತ್ತಿದ್ದಳು, ಹೊರಗಿನ ಬೆತ್ತದ ಕುರ್ಚಿಯಲ್ಲಿ ಕುಳಿತು, ಆದ ಕೂಡಲೇ ಹೋಗುತ್ತಿದ್ದಳು. ಅವಳಿಗೆ ಕೆಲಸವಿತ್ತು. ಗೌಡರು ಬರಿಗೈಯಲ್ಲಿ ಒಮ್ಮೆ ಬಂದರು. ಸ್ಟೂಲಿನ ಮೇಲೆ ಕುಳಿತರು. ಹಂದಿಯ ವಿಷಯ ಹೇಳಲು ಅವರಲ್ಲಿರಲಿಲ್ಲ, ತಿರುಪಿನ ವಿಷಯ ಹೇಳಲು ನನ್ನಲ್ಲಿರಲಿಲ್ಲ. ಸೆಕೆ ಎಂದೆ, ಹೌದು ಸೆಕೆ ಎಂದರು. ನಾನು ಯಾರದೋ ಕೋವಿ ಉಜ್ಜುತ್ತ ಇದ್ದೆ, ಅವರು ಆ ಸದ್ದು ಕೇಳುತ್ತ ಇದ್ದರು. ಹೋಗುವಾಗ, "ನಿನ್ ಕೆಲ್ಸಕ್ಕೆ ಅಡ್ಡಿ ಆಯ್ತನ?" ಎಂದರು. ಇಲ್ಲ, ಬರುತ್ತಿರಿ ಎಂದೆ. ಮತ್ತೆ ಬರಲಿಲ್ಲ. ನನಗೆ ಬೇಸರವಾಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಬಂದದ್ದು ಕಬ್ಬಿಣಕ್ಕಾಗಿಯೇ ಹೊರತು ನನಗಾಗಿ ಅಲ್ಲ ಎಂದುಕೊಂಡೆ.

ಸಾವಕಾರರ ಮಕ್ಕಳು ಅಂಗಡಿ ಮುಚ್ಚಿ ಮೊಬೈಲಿನ ಅಂಗಡಿಗೆ ಜಾಗ ಕೊಟ್ಟರು. ನಾನು ಅರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಕೋಡಿಬಾಗದ ಮನೆಯಲ್ಲಿ ಹಗಲು ಬಹಳ ಉದ್ದ. ಒಂದು ದಿನ, ಹೇಳಿಕೊಳ್ಳಲು ಯಾವ ಕಾರಣವೂ ಇಲ್ಲದೆ, ಅಂಕೋಲಾ ಬಸ್ಸು ಹತ್ತಿದೆ. ಅಲ್ಲಿಂದ ರಿಕ್ಷಾ. ಗೌಡರ ಕೇರಿಗೆ ನಾನು ಹೋದದ್ದು ಅದೇ ಮೊದಲು. ಮೂವತ್ತು ವರ್ಷಕ್ಕೂ ಮೇಲೆ ಆ ಹೊಳೆ, ಆ ಹಾಸುಗಲ್ಲು, ಆ ದರೆಯ ಮಾತು ಕೇಳಿದ್ದೆ, ನೋಡಿರಲಿಲ್ಲ.

ಮಟಮಟ ಮಧ್ಯಾಹ್ನ. ಗೌಡರು ಜಗಲಿಯಲ್ಲಿ ಒಬ್ಬರೇ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾನು ಅಂಗಳದ ತುಳಸಿಕಟ್ಟೆಯ ಹತ್ತಿರ, ಅವರಿಂದ ಹತ್ತೇ ಹೆಜ್ಜೆಗೆ ನಿಂತು ಅವರು ನೋಡಲಿ ಎಂದು ಕಾದೆ. ಅವರು ನನ್ನ ಕಡೆಗೇ ಮುಖ ಮಾಡಿದ್ದರು. ನೆರಳು ಕಂಡಿತೋ, ಹೆಜ್ಜೆ ಕೇಳಿತೋ, ಹಗ್ಗ ನಿಲ್ಲಿಸಿದರು.

"ಯಾರದು?" ಎಂದರು.

"ನಾನು, ಕಾರವಾರದ ಮೇಸ್ತ."

ಕೈ ಚಾಚಿ ಗಾಳಿಯಲ್ಲಿ ಹುಡುಕಿದರು. ಹತ್ತಿರ ಹೋಗಿ ಹಿಡಿದುಕೊಂಡೆ. ಬಿಡಲಿಲ್ಲ.

"ಬರ್ಬೇಕು ಅಂತ ಎಷ್ಟ್ ಸಲ ಹೊರಟೆ. ಬಸ್ಸಿನ ಬೋರ್ಡು ಕಾಣೂದಿಲ್ಲ ಮಾರಾಯಾ. ಯಾರ್ನಾದ್ರೂ ಕೇಳ್ಬೇಕು. ಕೇಳೂಕೆ ನಾಚ್ಗೆ" ಎಂದರು. ಅಂಗಳದ ಕಡೆಗೆ ಮುಖ ತಿರುಗಿಸಿ ಕೇಳಿದರು, "ನಾ ಯಾರದು ಅಂತ ಕೇಳ್ದಾಗ ನೀ ನಿಂತಿದ್ದಿ ಅಲ್ದಾ, ಎಷ್ಟ್ ದೂರ ಇತ್ತು?"

"ಹೊಳೆ ಬದಿಗೆ ಇದ್ದೆ ಗೌಡ್ರೇ" ಎಂದೆ. "ದೂರ ಇತ್ತು."

"ಹಾಂಗಾರೆ ಸರಿ" ಎಂದು ಅವರು ಸರಿದು, ಜಗಲಿಯ ಮೇಲೆ ನನಗೆ ಜಾಗ ಬಿಟ್ಟರು.